ಕಾರಿಗೆ ಬಿಟ್ಟ ಹೀರೆಕಾಯಿ

ನಮ್ಮ ಹೊನ್ನಾಳಿ ಮನೆಯ ಹಿತ್ತಲ ಬೇಲಿಗೆ ಪ್ರತಿ ವರ್ಷವೂ ತುಪ್ಪದ ಹೀರೆ ಬಳ್ಳಿ ಹಬ್ಬುತ್ತಿತ್ತು. ಎಳೆಗಾಯಿ ತೂಗಾಡುವುದನ್ನು ಕಂಡು ಪಕ್ಕದ ಮನೆಯಾಕೆ ಬಜ್ಜಿಗೆಂದು ಎರಡು ಕೇಳಿದರೆ, "ಇಲ್ಲ ಕಣ್ರಿ, ಅವು ಕಾರಿಗೆ ಬಿಟ್ಟಿರೋವು" ಎನ್ನುತ್ತಿದ್ದೆ. ಆಕೆ ನನ್ನನ್ನು ಜಿಪುಣಿ ಎಂದುಕೊಂಡಳೋ, ತಲೆ ಕೆಟ್ಟವಳು ಎಂದುಕೊಂಡಳೋ ಗೊತ್ತಿಲ್ಲ. ಎರಡೂ ಸುಳ್ಳು. ಆ ಕಾಯಿಗಳಿಂದ ನನ್ನ ಗಂಡ ಒಂದು ಕಾರನ್ನು ಬದುಕಿಸಿದ್ದರು, ಅದರ ಜೊತೆಗೆ ನಮ್ಮ ಸಂಸಾರವನ್ನೂ. ಅವರೆದುರು ಈ ಮಾತನ್ನು ಎಂದೂ ಆಡಿದವಳಲ್ಲ. ಹೊಗಳಿದರೆ ಸಾಕು, ಮಾರನೆಯ ದಿನವೇ ನನ್ನ ಇನ್ನೊಂದು ಪಾತ್ರೆಗೆ ತೂತು ಹೊಡೆಯುವ ಮನುಷ್ಯ. ಈಗ ಅವರಿಲ್ಲ, ಧೈರ್ಯವಾಗಿ ಬರೆಯಬಹುದು.

ಮದುವೆಯಾದಾಗ ಅವರು ಲಾರಿ ಡ್ರೈವರ್. ಬೊಂಬಾಯಿ ಕಡೆಯ ಲೋಡು ಹಿಡಿದು ಹೋದರೆ ಯಾವಾಗ ಬರುತ್ತಾರೆಂದು ಅವರಿಗೂ ತಿಳಿಯದು, ನನಗೂ ತಿಳಿಯದು. ಮೊದಲ ಮಗ ಹುಟ್ಟಿದ ಮೇಲೆ ಒಮ್ಮೆ ಬಂದು ಮುಖ ನೋಡಿ ಹೋದವರು, ಮತ್ತೆ ಬರುವಷ್ಟರಲ್ಲಿ ಕೂಸು ಬೋರಲು ಬಿದ್ದು, ಎದೆಯ ಮೇಲೆ ತೆವಳುತ್ತಿತ್ತು. ಎತ್ತಿಕೊಳ್ಳಲು ಕೈ ಚಾಚಿದರೆ ಮಗ ಕಿಟಾರನೆ ಕಿರುಚಿ ನನ್ನ ಹೆಗಲಲ್ಲಿ ಮುಖ ಹುದುಗಿಸಿದ. "ಯಾವಾಗ ಬೋರಲು ಬಿದ್ದಿದ್ದು?" ಎಂದು ಮೆಲ್ಲಗೆ ಕೇಳಿದರು. ಹೇಳಿದೆ. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. ಆ ದಿನ ಅವರ ಬೆನ್ನು ನೋಡಿ ನನಗೆ ಆದ ಸಂಕಟ ಇವತ್ತಿಗೂ ಹಾಗೇ ಇದೆ.

ಹಾಗಾಗಿ ಚನ್ನಗಿರಿಯ ರೈಸ್ ಮಿಲ್ ಸಾಹುಕಾರರೊಬ್ಬರು ತಮ್ಮ ಹಳೇ ಕಾರನ್ನು ಬಾಡಿಗೆಗೆ ಓಡಿಸಲು ಕೊಟ್ಟಾಗ ನಾವು ಹಿಂದೆ ಮುಂದೆ ನೋಡಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ಹೊನ್ನಾಳಿ–ನ್ಯಾಮತಿ ನಡುವೆ ಸೀಟು ಲೆಕ್ಕದಲ್ಲಿ ಓಡಿಸುವುದು, ಗಿರಾಕಿ ಸಿಕ್ಕರೆ ಜಗಳೂರಿನ ತನಕವೂ ಹೋಗುವುದು. ಎಲ್ಲಿಗೆ ಹೋದರೂ ಹೊತ್ತು ಮುಳುಗುವಷ್ಟರಲ್ಲಿ ಮನೆ. ಸಾಹುಕಾರರದು ಒಂದೇ ಮಾತು: "ನೋಡಪ್ಪಾ, ಒಂದು ಸಲ ಇಂಜಿನ್ ಇಳಿಸಿ ರಿಪೇರಿ ಮಾಡ್ಸಿ ಆಗೈತೆ. ಇನ್ನೊಂದು ಸಲ ಹೊಗೆ ಉಗುಳಿತು ಅಂದ್ರೆ ಗುಜರಿಗೆ ಹಾಕಾದೇ. ಉಗಾದಿಗೆ ನಾನೇ ಬಂದು ನೋಡ್ತೀನಿ." ಕಾರು ಗುಜರಿಗೆ ಹೋದರೆ ಇವರು ಮತ್ತೆ ಲಾರಿಗೆ. ನಾನಾಗ ಎರಡನೆಯ ಬಸುರಿ. ಈ ಕೂಸಾದರೂ ಅಪ್ಪನನ್ನು ಕಂಡು ಕಿರುಚಬಾರದು ಎಂಬುದಷ್ಟೇ ನನ್ನ ಆಸೆ.

ಆ ಕಾರಿಗೆ ಉಬ್ಬಸ. ಸೀಟು ತುಂಬಿಕೊಂಡು ನ್ಯಾಮತಿ ದಾರಿಯ ಏರು ಹತ್ತುವಾಗ ಏದುಸಿರು ಬಿಡುತ್ತಿತ್ತು. ಇಂಜಿನ್ನಿನ ತಲೆಯ ಮೇಲೆ ಗಾಳಿ ಸೋಸಲು ಒಂದು ದುಂಡನೆಯ ಡಬ್ಬಿ, ಅದರೊಳಗೆ ಮಡಿಕೆ ಮಡಿಕೆಯಾದ ಕಾಗದ. ಧೂಳು ಕಟ್ಟಿದರೆ ಗಾಳಿ ಹೋಗದು. ಹೊಸದು ಬೇಕೆಂದರೆ ದಾವಣಗೆರೆಗೆ ಹೋಗಬೇಕು, ಅಲ್ಲಿಯೂ ಬೇಕಾದಾಗ ಸಿಗದು. ಸ್ಟ್ಯಾಂಡಿನಲ್ಲಿದ್ದ ಬೇರೆ ಡ್ರೈವರುಗಳು, "ಆ ಡಬ್ಬಿ ಬಿಚ್ಚಿ ಮೂಲ್ಯಾಗೆ ಒಗೀರಿ, ಗಾಡಿ ಹಾರ್ತೈತೆ" ಎಂದರು. ಇವರು ಬಿಚ್ಚಿ ಒಗೆದರು. ಕಾರು ಹಾರಿಯೂ ಹಾರಿತು. ಸಂಜೆ ಮನೆಗೆ ಬಂದವರು ಕಾಲು ತೊಳೆಯುವುದಕ್ಕೂ ಮೊದಲು, "ಏ, ಮೂಗು ಮುಚ್ಚಿಕೊಂಡು ಏರು ಹತ್ತಾಕೆ ಆಗ್ತೈತೇನೆ? ಅದಕ್ಕೂ ಉಸಿರು ಬೇಕಲ್ಲ!" ಎಂದು ನನಗೇ ಪಾಠ ಹೇಳಿದರು. ಪಾಠ ಕೇಳಿ ನಾನೂ ಹಿರಿಹಿರಿ ಹಿಗ್ಗಿದೆ.

ಅಷ್ಟರಲ್ಲಿ ಒಕ್ಕಣೆ ಕಾಲ ಬಂತು. ನಮ್ಮ ಕಡೆ, ಅದರಲ್ಲೂ ಜಗಳೂರಿನ ದಾರಿಯಲ್ಲಿ, ಆಗ ರಸ್ತೆಯೇ ಕಣ. ರಾಗಿ, ಸಜ್ಜೆ, ಹುರುಳಿ ಏನಿದ್ದರೂ ಡಾಂಬರಿನ ಮೇಲೆ ಹರವುತ್ತಿದ್ದರು. ಬಸ್ಸು, ಲಾರಿ ಹಾಯ್ದು ಕಾಳು ಉದುರಬೇಕು. ಎಷ್ಟೋ ಡ್ರೈವರುಗಳು ಬೈಯುತ್ತ ಪಕ್ಕಕ್ಕೆ ಇಳಿಸಿಕೊಂಡು ಹೋಗುವರು. ನಮ್ಮವರದು ಬೇರೆಯೇ ಧರ್ಮ. ರಸ್ತೆ ಪಕ್ಕ ನಿಂತ ಹೆಣ್ಣುಮಕ್ಕಳು ಕೈಯೆತ್ತಿ, "ಅಣ್ಣಾ, ಹಿಂದಕ್ಕೆ ಬಂದು ಇನ್ನೊಂದ್ ಸಲ ಹಾಯಿಸಪ್ಪಾ" ಎಂದರೆ ಸಾಕು, ಗಿರಾಕಿಗಳು ಗೊಣಗುತ್ತಿದ್ದರೂ ಕಾರನ್ನು ಹಿಂದಕ್ಕೆ ತಂದು ಮತ್ತೆ ಹಾಯಿಸುವರು. ಜಗಳೂರು ಬಾಡಿಗೆಯೆಂದರೆ ಕಾರು ಅರ್ಧ ದಾರಿ ಮುಂದಕ್ಕೆ, ಅರ್ಧ ದಾರಿ ಹಿಂದಕ್ಕೆ ಹೋಗುತ್ತಿತ್ತೇನೋ. ಆ ತಾಯಂದಿರು ಹರಸುವರು, ಒಮ್ಮೆ ಮಡಿಲಿನಿಂದ ಹುರುಳಿಯನ್ನೂ ಸುರಿದು ಕಳಿಸಿದ್ದರು. ಇತ್ತ ಬಾನೆಟ್ಟಿನೊಳಗೆ, ಸೋಸುವ ಡಬ್ಬಿಯಿಲ್ಲದ ಇಂಜಿನ್ನು ಬಾಯಿ ತೆರೆದುಕೊಂಡು ಹೊಟ್ಟು ನುಂಗುತ್ತಿತ್ತು.

ಒಂದು ಮಧ್ಯಾಹ್ನ ಮನೆ ಮುಂದೆ ಬಾನೆಟ್ ಎತ್ತಿಕೊಂಡು ನಿಂತಿದ್ದರು. ಹೋಗಿ ನೋಡಿದೆ. ಗಾಳಿ ಎಳೆಯುವ ಬಾಯಿಯ ಸುತ್ತ ಹೊಟ್ಟು ಮೆತ್ತಿಕೊಂಡಿತ್ತು, ಒಳಗೆ ನುಣ್ಣನೆಯ ಧೂಳು ಗಂಧದ ಹಾಗೆ ಹತ್ತಿತ್ತು. "ಇದು ಒಳಗೆ ಹೋದ್ರೆ ಇಂಜಿನ್ನು ತೇದುಹೋಗುತ್ತೆ ಕಣೆ. ಆಮೇಲೆ ಹೊಗೆಯೇ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು.

"ಎಲ್ಲರಂಗೆ ಪಕ್ಕಕ್ಕೆ ಇಳಿಸಿಕೊಂಡು ಬರಾಕೆ ಏನಾಗೈತ್ರಿ ನಿಮಗೆ? ಯಾರದೋ ರಾಗಿ ಒಕ್ಕಾಕೆ ಹೋಗಿ ನಮ್ಮ ಅನ್ನಕ್ಕೆ ಮಣ್ಣು ಹಾಕಿಕೊಳ್ಳಬೇಕಾ?"

"ಬಿಸಿಲಾಗೆ ಕೈಯೆತ್ತಿಕೊಂಡು ನಿಂತಿರ್ತಾರಲ್ಲೆ. ಹೆಂಗೆ ನೋಡೂ ನೋಡದಂಗೆ ಬರೋದು?"

ಇಷ್ಟೇ ಉತ್ತರ. ಬೇರೆ ಯಾರಾದರೂ ಆಗಿದ್ದರೆ ದಾರಿ ಬದಲಿಸಿಕೊಳ್ಳುತ್ತಿದ್ದರು. ಇವರು ಕಾರನ್ನೇ ಬದಲಿಸಲು ಹೊರಟರು. ಅಂದು ಹುಚ್ಚು ಎನಿಸಿದ್ದು ನಿಜ. ಈಗ ನೆನೆದರೆ ಅಂಥ ಗಂಡಸಿನ ಜೊತೆ ಬಾಳಿದೆನಲ್ಲ ಎಂದು ಹೆಮ್ಮೆಯಾಗುತ್ತದೆ.

ಒಗೆದ ಕಾಗದದ ಡಬ್ಬಿಯನ್ನೇ ಮತ್ತೆ ಹಾಕಿದರೆ ಆ ಹೊಟ್ಟಿಗೆ ಒಂದೇ ದಿನಕ್ಕೆ ಕಟ್ಟಿಕೊಳ್ಳುವಂಥದು. ಮೊದಲು ನನ್ನ ಹಳೇ ಸೀರೆಯ ತುಂಡು ಕಟ್ಟಿ ನೋಡಿದರು. ಧೂಳನ್ನೇನೋ ತಡೆಯಿತು, ಜೊತೆಗೆ ಗಾಳಿಯನ್ನೂ ತಡೆಯಿತು. ಕಾರು ಬಸ್ ಸ್ಟ್ಯಾಂಡಿನ ಮುಂದೆಯೇ ಉಸಿರುಕಟ್ಟಿ ನಿಂತಿತು. ಆಮೇಲೆ ದಿಂಬಿನ ಸ್ಪಂಜು. ಅದು ಪೆಟ್ರೋಲಿನ ಆವಿಗೆ ಪುಡಿಪುಡಿ. ದಿಂಬೂ ಹೋಯಿತು. ಹೀಗೆ ತಲೆ ಕೆಡಿಸಿಕೊಂಡಿದ್ದವರು ಒಂದು ಭಾನುವಾರ ಬಚ್ಚಲಿನಿಂದ ಬೆನ್ನ ತುಂಬ ಸೋಪಿನ ನೊರೆ ಮೆತ್ತಿಕೊಂಡೇ, ಸೊಂಟದ ಟವಲ್ಲು ಹಿಡಿದುಕೊಂಡು ಹಿತ್ತಲಿಗೆ ಓಡಿ ಬಂದರು. ಕೈಯಲ್ಲಿ ಮೈ ತಿಕ್ಕುವ ಹೀರೆಕಾಯಿ ನಾರು.

"ನೋಡೇ ಇಲ್ಲಿ! ನೀರು ಸರಾಗ ಹೋಗ್ತೈತೆ, ಕೊಳೆ ಮಾತ್ರ ಎಳೆ ಎಳೆಗೂ ಹತ್ತಿಕೊಂಡೈತೆ. ಗಾಳಿಗೂ ಹಿಂಗೇ ಅಲ್ವಾ?"

"ಮೊದಲು ಮೈ ತೊಳ್ಕಳ್ರಿ, ಪಕ್ಕದ ಮನೆಯವರು ನೋಡ್ತಾ ಅದಾರೆ" ಎಂದೆ.

ಅವತ್ತೇ ಕೆಲಸ ಶುರು. ಡಾಲ್ಡಾ ಡಬ್ಬಿಯ ತಳಕ್ಕೂ ಮುಚ್ಚಳಕ್ಕೂ ತೂತು ಕೊರೆದರು. ಬೇಲಿಯಲ್ಲಿ ಬಲಿತು ಒಣಗಿದ್ದ ಕಾಯಿಗಳ ಸಿಪ್ಪೆ ಸುಲಿದು, ಬೀಜ ಉದುರಿಸಿ, ನಾರನ್ನು ಇಂಜಿನ್ ಆಯಿಲ್ಲಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ ಡಬ್ಬಿಗೆ ತುಂಬಿದರು. ನಾರಿನ ತುಣುಕೇ ಇಂಜಿನ್ನಿಗೆ ಹೋದರೆ ಎಂದು ನಾನು ಕೇಳಿದ್ದೇ ತಪ್ಪಾಯಿತು. ಅದಕ್ಕೆ ಅಡ್ಡಲಾಗಿ ನನ್ನ ಟೀ ಸೋಸುವ ಜಾಲರಿ ಹೋಯಿತು. ಇನ್ನು ಗಾಳಿಯನ್ನು ಎಲ್ಲಿಂದ ತರುವುದು? ಕಾರಿನ ಮುಂದಿನ ಜಾಲಿಯಿಂದ ತಂದರೆ ಹೊಟ್ಟು, ಬಾನೆಟ್ಟಿನೊಳಗಿಂದ ತಂದರೆ ಬಿಸಿ. ಬಾನೆಟ್ಟಿನ ಹಿಂದೆ, ಮುಂದಿನ ಗಾಜಿನ ಬುಡದ ಮೂಲೆ ಎತ್ತರದಲ್ಲಿತ್ತು, ತಣ್ಣಗೂ ಇತ್ತು. ಅಲ್ಲಿಂದ ಸೈಕಲ್ ಟ್ಯೂಬು ಎಳೆದರೆ ಇಂಜಿನ್ನು ಹೀರುವ ಬಿರುಸಿಗೆ ಟ್ಯೂಬು ಚಪ್ಪಟೆಯಾಯಿತು. ಕೊನೆಗೆ ಪಂಪ್‌ಸೆಟ್ಟಿಗೆ ನೀರೆಳೆಯುವ ದಪ್ಪ ಪೈಪಿನ ತುಂಡೊಂದನ್ನು ಪರಿಚಯದ ರೈತರ ಹತ್ತಿರ ಬೇಡಿ ತಂದರು. ಅದು ಎಷ್ಟು ಹೀರಿದರೂ ಕುಗ್ಗಲಿಲ್ಲ.

ನಾನು ಮೆಚ್ಚುವುದು ಇದಾದ ಮೇಲಿನದನ್ನು. ಮಾಡಿದ್ದು ಸರಿಯಾಗಿದೆ ಎಂದು ಅವರು ತಮ್ಮನ್ನು ತಾವೇ ನಂಬಲಿಲ್ಲ. ಡಬ್ಬಿ ದಾಟಿ ಇಂಜಿನ್ನಿಗೆ ಹೋಗುವ ಕೊಳವೆಯ ಒಳಗೆ ಚೂರು ಗ್ರೀಸ್ ಸವರಿ ಇಡುತ್ತಿದ್ದರು. ಧೂಳು ನುಸುಳಿದರೆ ಅದಕ್ಕೆ ಅಂಟಲೇಬೇಕು. ಬಾಡಿಗೆ ಮುಗಿಸಿ ಬಂದ ತಕ್ಷಣ ಆ ಗ್ರೀಸನ್ನು ಬೆರಳಿಗೆ ತೆಗೆದು, "ನಿನ್ನ ಕೈ ಹಿಟ್ಟು ಮುಟ್ಟಿ ಮುಟ್ಟಿ ಪಳಗೈತೆ, ನೋಡು" ಎಂದು ನನ್ನ ಬೆರಳಿಗೆ ಹಚ್ಚುವರು. ನಾನು ತಿಕ್ಕಿ ನೋಡುವೆ. ಮೊದಮೊದಲು ತರಿ ತರಿ ಸಿಗುತ್ತಿತ್ತು. ಎಲ್ಲೋ ಸಂದಿಯಿದೆ ಎಂದು ಹುಡುಕಿ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯುವರು, ಇನ್ನೊಂದು ನಾರು ತುರುಕುವರು. ಹಾಗೆ ತಿದ್ದಿ ತಿದ್ದಿ ಒಂದು ದಿನ ಗ್ರೀಸು ಬೆಣ್ಣೆಯಂತೆ ಜಾರಿತು. "ಏನೂ ಇಲ್ರಿ" ಎಂದೆ. ಅವರು ನಂಬದೆ ಮತ್ತೊಮ್ಮೆ ತಿಕ್ಕಿಸಿದರು.

ಒಕ್ಕಣೆ ಮುಗಿಯುವ ತನಕ ಅವರು ರಾಗಿಯ ಮೇಲೆ ಹಾಯಿಸುವುದನ್ನು ಬಿಡಲಿಲ್ಲ. ನಾರು ಕೊಳೆಯಾದರೆ ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಅದ್ದುವುದು, ಹಳತಾದರೆ ಬೇಲಿಯಲ್ಲಿ ಹೊಸದು ಇದ್ದೇ ಇದೆ.

ಉಗಾದಿಗೆ ಮುಂಚೆಯೇ ಸಾಹುಕಾರರು ಬಂದಿಳಿದರು. ಯಾರೋ ಚಾಡಿ ಹೇಳಿದ್ದರು. "ನನ್ನ ಕಾರಿಗೆ ಡಾಲ್ಡಾ ಡಬ್ಬಿ ಕಟ್ಟೀಯಂತಲ್ಲಪ್ಪಾ, ಅದೇನು ಅಡುಗೆ ಮನೇನಾ?" ಎಂದು ರೇಗುತ್ತಲೇ ಬಾನೆಟ್ ಎತ್ತಿಸಿದರು. ನಾನು ತುಂಬಿದ ಬಸುರಿ, ಬಾಗಿಲ ಹಿಂದೆ ನಿಂತಿದ್ದೆ. ಇವರು ಕೊಳವೆ ಬಿಚ್ಚಿ, "ಬೆರಳು ಹಾಕಿ ನೋಡ್ರಿ" ಎಂದರು. ಸಾಹುಕಾರರು ಬೆರಳಿಗೆ ಬಂದ ಗ್ರೀಸನ್ನು ಹೆಬ್ಬೆರಳಿನಿಂದ ತಿಕ್ಕಿದರು. ನುಚ್ಚಿನ ನಡುವೆ ಬಾಳಿದ ಮನುಷ್ಯ, ತರಿ ಇದ್ದರೆ ಅವರ ಕೈಗೆ ತಪ್ಪದು. ಇನ್ನೊಂದು ಸಲ ತಿಕ್ಕಿದರು. ಕಾರು ಚಾಲೂ ಮಾಡಿಸಿ ಹಿಂದೆ ಹೋಗಿ ಹೊಗೆ ನೋಡಿದರು. ಹೊಗೆ ಇರಲಿಲ್ಲ. ಡಬ್ಬಿಯೊಳಗೆ ಇಣುಕಿ, "ಇದೇನಪ್ಪಾ, ಬಚ್ಚಲು ಮನೆ ನಾರು?" ಎಂದು ನಕ್ಕರು. ಹೊರಡುವಾಗ, "ಕಾರು ನಿನ್ನ ಹತ್ರನೇ ಇರಲಿ. ನಮ್ಮ ಮಿಲ್ಲಿನ ಡೀಸೆಲ್ ಇಂಜಿನ್ನಿಗೂ ಇಂಥದೊಂದು ಮಾಡಿಕೊಡು" ಎಂದರು.

ಇವರು ಒಳಗೆ ಬಂದು ನೀರು ಕೇಳಿದರು. ಚೊಂಬು ಕೊಟ್ಟೆ. ಗಟಗಟನೆ ಕುಡಿದು ಇನ್ನೊಂದು ಚೊಂಬು ಕೇಳಿದರು.

ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ತವರಿನಿಂದ ಹೊನ್ನಾಳಿಗೆ ಬಂದ ಮೇಲಿನ ಮಾತು. ಒಂದು ಮಧ್ಯಾಹ್ನ ಅವರು ನ್ಯಾಮತಿಯಿಂದ ಊಟಕ್ಕೆ ಬಂದು, ಚಾಪೆಯ ಮೇಲೆ ಮಲಗಿಸಿದ್ದ ಕೂಸಿನ ಪಕ್ಕ ಕೂತಿದ್ದರು. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. "ಏ, ಬಾರೇ, ಬೇಗ ಬಾ!" ಎಂಬ ಕೂಗು. ಏನಾಯಿತೋ ಎಂದು ಸೌಟು ಹಿಡಿದುಕೊಂಡೇ ಓಡಿದೆ. ಮಗಳು ಆಗಲೇ ಬೋರಲು ಬಿದ್ದು, ಕತ್ತೆತ್ತಿ ಅಪ್ಪನನ್ನೇ ನೋಡಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು. ಅವರ ಕಣ್ಣಲ್ಲಿ ನೀರು. ಅವಳು ಮೊದಲ ಸಲ ಬೋರಲು ಬಿದ್ದದ್ದನ್ನು ನಾನು ನೋಡಲಿಲ್ಲ. ಅವರು ನೋಡಿದರು.