ಒಲೆ ಹಚ್ಚದ ಮನೆಗೆ ಬಂದ ಪಡಿ

ಚಿಂತೆ ಮಾಡುವುದು ನನಗೆ ಹುಟ್ಟುಗುಣ. ತಲೆ ನರೆತ ಮೇಲೆ ಅದಕ್ಕೊಂದು ಗಾಂಭೀರ್ಯವಾದರೂ ಬಂದಿದೆ. ಶ್ರೀನಿವಾಸಪುರದಲ್ಲಿ ಮೇಷ್ಟರಾಗಿದ್ದ ಕಾಲದಲ್ಲಿ ಅದೂ ಇರಲಿಲ್ಲ. ಕೆಮ್ಮು ಬಂದರೆ ಕ್ಷಯ. ಬರದಿದ್ದರೆ ಒಳಗೇ ಹೊಂಚು ಹಾಕಿ ಕೂತಿರುವ ಕ್ಷಯ. ಹೀಗಾಗಿ ಸ್ಕೂಲು ಬಿಟ್ಟ ಕೂಡಲೇ ತೊಳೆದ ಸೀಸೆ ಹಿಡಿದು ಆಸ್ಪತ್ರೆಯ ಕಿಟಕಿಯ ಮುಂದೆ ನಿಲ್ಲುವುದು ನನ್ನ ಪಾಲಿನ ಸಂಧ್ಯಾವಂದನೆಯಾಗಿತ್ತು.

ಕಿಟಕಿಯ ಆಚೆ ಕಾಂಪೌಂಡರು. ಡಾಕ್ಟರು ಸುತ್ತಲಿನ ಊರುಗಳಿಗೆಲ್ಲ ಒಬ್ಬರೇ. ಬಂದ ದಿನ ಬಂದರು, ಬಾರದ ದಿನ ಕಾಂಪೌಂಡರೇ ನಮ್ಮ ಡಾಕ್ಟರು. ನನ್ನ ನಾಲಿಗೆ ನೋಡಿ, "ಇವತ್ತು ಯಾವ ಕಾಯಿಲೆ ಮೇಷ್ಟ್ರೇ? ನಿನ್ನೇದು ವಾಸಿಯಾಯ್ತಾ, ಇಲ್ಲ ಅದರ ಮೇಲೇ ಇದಾ?" ಎನ್ನುತ್ತ ಕೆಂಪು ಔಷಧಿ ಸುರಿದು, ಹೊತ್ತಿಗಿಷ್ಟು ಎಂದು ಅಳತೆಯ ಕಾಗದದ ಪಟ್ಟಿಯನ್ನು ಸೀಸೆಗೆ ಅಂಟಿಸಿ ಕೊಡುತ್ತಿದ್ದರು.

ಅವರು ಆರ್ಕಾಟಿನ ಕಡೆಯವರು. ಜಾತಿ ಯಾವುದೆಂದು ಊರಿನಲ್ಲಿ ಯಾರಿಗೂ ತಿಳಿಯದು. ಆದರೂ ಅವರ ಕೈಯ ನೀರು ಬೆರೆತ ಔಷಧಿಯನ್ನು ಅಗ್ರಹಾರದಿಂದ ಹಿಡಿದು ಎಲ್ಲ ಬೀದಿಗಳವರೂ ಕುಡಿದವರೇ. ಔಷಧಿಗೆ ಮೈಲಿಗೆಯಿಲ್ಲ ಎಂದು ಹಿರಿಯರು ನಮ್ಮ ಅನುಕೂಲಕ್ಕೇ ಹೇಳಿಟ್ಟಿದ್ದರು. ಮದುವೆಗಳಿಗೆ ಕಾಂಪೌಂಡರನ್ನು ಮರೆಯದೆ ಕರೆಯುತ್ತಿದ್ದೆವು. ಚಾಪೆಯ ಮೇಲೆ ಮುಂದೆ ಕೂರಿಸಿ, ತೆಂಗಿನಕಾಯಿ ತಾಂಬೂಲ ಕೊಟ್ಟು, ಎಲೆ ಹಾಕುವುದಕ್ಕೆ ಮೊದಲೇ ಮರ್ಯಾದೆಯಿಂದ ಕಳಿಸಿಕೊಡುತ್ತಿದ್ದೆವು. ಯಾವ ಪಂಕ್ತಿಯಲ್ಲಿ ಕೂರಿಸುವುದೋ ಗೊತ್ತಿಲ್ಲವಲ್ಲ! ಕೇಳಿಬಿಟ್ಟರೆ ನೊಂದುಕೊಂಡಾರು.

ಯುದ್ಧ ನಡೆಯುತ್ತಿದ್ದ ಒಂದು ವರ್ಷ ಚಳಿಜ್ವರ ಊರನ್ನು ಹಿಡಿಯಿತು. ಊರಿಗೆಲ್ಲ ಕ್ವಿನೈನು ಅಳೆದು ಕೊಟ್ಟವರ ಹೆಂಡತಿಯೇ ಆ ಜ್ವರದಲ್ಲಿ ಹೋದರು. ಉಳಿದದ್ದು ಅವರು, ಮಾತು ಇನ್ನೂ ತೊದಲುತ್ತಿದ್ದ ಮಗಳು. ನೆಂಟರೆಲ್ಲ ದೂರ, ಸುದ್ದಿ ಮುಟ್ಟಿತೋ ಇಲ್ಲವೋ, ಯಾರೂ ಬರಲಿಲ್ಲ. ಹೆಗಲು ಕೊಡಲು ಆಸ್ಪತ್ರೆಯ ಜವಾನ, ತಳವಾರ, ಇನ್ನಿಬ್ಬರು ನಿಂತರು. ಉಳಿದ ಊರೆಲ್ಲ ಹಿಂದೆ ನಡೆಯಿತು. ಅಷ್ಟು ಜನ ಒಟ್ಟಿಗೆ ಸುಮ್ಮನೆ ನಡೆದದ್ದನ್ನು ನಾನು ಆ ಊರಿನಲ್ಲಿ ಮತ್ತೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಮಾತನಾಡಿಸಿ ಬರೋಣವೆಂದು ಹೋದರೆ, ಅವರ ಮನೆಯ ಮುಂದೆ ಆಗಲೇ ಗುಂಪು. ಯಾರೂ ಏನೂ ಕೇಳುತ್ತಿಲ್ಲ. ನಮ್ಮ ಬೀದಿಯ ತೆಲುಗು ಮುದುಕಿಯೊಬ್ಬಳು ಸೆರಗು ಹೊದ್ದು ಮುಂದೆ ನಿಂತು, "ನಾಯನಾ, ನೀನೇನೂ ತೊಂದ್ರೆ ತಗಾಬೇಡ. ನಾವ್ ಸುಮ್ನೆ ನೋಡ್ಕಂಡ್ ಹೋಗಾನ ಅಂತ ಬಂದ್ವಿ" ಎಂದಳು. ಅವಳ ಸೆರಗಿನೊಳಗಿಂದ ಸೀಸೆಯ ಕತ್ತು ಇಣುಕುತ್ತಿತ್ತು. ಕಾಂಪೌಂಡರು ಅದನ್ನು ನೋಡಿದರು.

"ಮೊಮ್ಮಗನಿಗೆ ರಾತ್ರಿ ಜ್ವರ ಇಳೀತಾ ಅವ್ವಾ?" ಎಂದರು.

ಮುದುಕಿ ಅತ್ತುಬಿಟ್ಟಳು. ಅವರು ಒಳಗೆ ಹೋಗಿ ಆಸ್ಪತ್ರೆಯ ಬೀಗದ ಕೈ ತಂದರು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಮುಂದೆ ನಡೆದರು. ಸೀಸೆಗಳೆಲ್ಲ ಹಿಂದೆ ನಡೆದವು.

ಸಾವಾದ ಮನೆಯಲ್ಲಿ ಮೂರನೆಯ ದಿನ ಹಾಲುತುಪ್ಪ ಬಿಡುವ ತನಕ ಒಲೆ ಹಚ್ಚುವಂತಿಲ್ಲ. ಅಲ್ಲಿಯವರೆಗೆ ಅನ್ನವೋ ಮುದ್ದೆಯೋ ಅಕ್ಕಪಕ್ಕದವರೇ ಬೇಯಿಸಿ ತರಬೇಕು. ಇದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಆದರೆ ಅವರು ಯಾರ ಮನೆಯ ಅಡಿಗೆ ಉಣ್ಣುವವರು? ನಮ್ಮ ಮುದ್ದೆ ಒಯ್ದು, ಅವರು ಬೇಡವೆನ್ನಲಾರದೆ ಸಂಕಟಪಟ್ಟರೆ? ಹೀಗೆಂದು ಪ್ರತಿ ಮನೆಯೂ ತನ್ನಷ್ಟಕ್ಕೆ ಯೋಚಿಸಿ, ಯಾರಿಗೂ ಮುಜುಗರವಾಗದ ದಾರಿ ಹುಡುಕಿತು. ಪಡಿ ಕಳಿಸಿತು. ಪಡಿಯೆಂದರೆ ಬೇಯಿಸದ ಅಕ್ಕಿ, ಬೇಳೆ, ತರಕಾರಿ. ಯಾರು ಯಾರಿಗೆ ಕೊಟ್ಟರೂ ಅದಕ್ಕೆ ಜಾತಿಯಿಲ್ಲ. ಅಕ್ಕಿಗೆ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ. ಮಕ್ಕಳ ಗಂಜಿಯಲ್ಲಿ ಒಂದು ಹಿಡಿ ಕಡಿಮೆ ಮಾಡಿ ಕಳಿಸಿದ ಮನೆಗಳನ್ನು ನಾನು ಬಲ್ಲೆ. ನಮ್ಮ ಮನೆಯಿಂದಲೂ ಹೋಗಿತ್ತು. ಕಳಿಸಿ, ಬೇಳೆಯಲ್ಲಿ ಕಲ್ಲಿತ್ತೇನೋ ಎಂದು ನಾನು ಚಿಂತೆಯನ್ನೂ ಮಾಡಿದ್ದೆ.

ಸಂಜೆ ಸ್ಕೂಲು ಬಿಟ್ಟ ಮೇಲೆ ಅವರ ಮನೆಗೆ ಹೋದೆ. ನಡುಮನೆಯ ಮೂಲೆಯಲ್ಲಿ ಅಕ್ಕಿ, ರಾಗಿಹಿಟ್ಟು, ತೊಗರಿಬೇಳೆ, ಬದನೆಕಾಯಿ, ಬೆಲ್ಲದ ಅಚ್ಚು ರಾಶಿ ಬಿದ್ದಿದ್ದವು. ಯುದ್ಧದ ಕಾಲದಲ್ಲಿ ಯಾವ ಶೆಟ್ಟರ ಅಂಗಡಿಯಲ್ಲೂ ಅಷ್ಟಿರಲಿಲ್ಲ. ಆಚೆ ಅಡಿಗೆಮನೆಯಲ್ಲಿ ಒಲೆ ತಣ್ಣಗಿತ್ತು. ಮಗು ರಾಶಿಯ ಬಳಿ ಕೂತು ಹಸಿ ಅಕ್ಕಿಯನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತಿತ್ತು. ಅಗಿಯಲಾಗದೆ ಉಗುಳುತ್ತಿತ್ತು, ಮತ್ತೆ ಹಾಕಿಕೊಳ್ಳುತ್ತಿತ್ತು.

ಊಟ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, "ಬೆಲ್ಲ ಕೊಟ್ಟಿದ್ದೀನಿ ಮೇಷ್ಟ್ರೇ. ನಾಳೆ ಹಾಲುತುಪ್ಪ ಮುಗಿದ್ರೆ ಒಲೆ ಹಚ್ಚಬಹುದಲ್ಲ" ಎಂದು ನನಗೇ ಸಮಾಧಾನ ಹೇಳಿದರು.

ಮನೆಗೆ ಬಂದು ಹೆಂಡತಿಯ ಮುಂದೆ ನಿಂತೆ. ಒಯ್ಯೋಣವೇ, ಒಯ್ದರೆ ಏನೆಂದುಕೊಳ್ಳುತ್ತಾರೋ, ಬೀದಿಯವರು ಏನೆನ್ನುತ್ತಾರೋ ಎಂದು ನನ್ನ ಪುರಾಣ ಶುರುವಾಯಿತು. ಅವಳು ಅಷ್ಟರಲ್ಲಿ ಎಸರಿಟ್ಟಿದ್ದಳು. "ನಿತ್ಯ ಸೀಸೆ ಒಡ್ಡೋಕೆ ಇಲ್ಲದ ನಾಚ್ಕೆ, ಒಂದು ಮುದ್ದೆ ಕೊಡೋಕೆ ಬಂತಾ ನಿಮ್ಗೆ?" ಎಂದಳು. ಅಷ್ಟೇ. ಸ್ವಲ್ಪ ಹೊತ್ತಿಗೆಲ್ಲ ಬಿಸಿ ಮುದ್ದೆ, ಸಾರು ನನ್ನ ಕೈಗೆ ಬಂದವು.

ಅವರ ಹೊಸ್ತಿಲಿನಲ್ಲಿ ನಿಂತು, ನಮ್ಮ ಮನೆಯದು, ತಮಗೆ ಅಭ್ಯಂತರವಿಲ್ಲದಿದ್ದರೆ ಎಂದು ಏನೇನೋ ತೊದಲಿದೆ. ಅವರು ಪಾತ್ರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ನಾನು ಯಾರ ಮನೇದಾದ್ರೂ ಉಣ್ತೀನಿ ಮೇಷ್ಟ್ರೇ. ಈ ಊರಿಗೆ ಬಂದಾಗಿಂದ ಯಾರೂ ಕೇಳ್ಲಿಲ್ಲ."

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮುಚ್ಚಳ ತೆಗೆದರು. ಸಾರಿನ ಒಗ್ಗರಣೆಯ ವಾಸನೆ ಮನೆಯೊಳಗೆ ಹೋಯಿತು. ಮಗು ಬಾಯಲ್ಲಿದ್ದ ಅಕ್ಕಿಯನ್ನು ಉಗುಳಿ ಎದ್ದಿತು; ನಮ್ಮ ಕಡೆ ಬರದೆ ಅಡಿಗೆಮನೆಗೆ ಓಡಿತು. ಅಲ್ಲಿ ನಿಂತು ನೋಡಿ, ಹಿಂದಿನ ಬಾಗಿಲವರೆಗೂ ಹೋಗಿ ನೋಡಿ, ತಿರುಗಿ ಬಂದು ಅಪ್ಪನನ್ನು ಕೇಳಿತು: "ಅಮ್ಮ ಬಂದ್ಲಾ?"

ಸ್ಮಶಾನದಲ್ಲೂ ಕಣ್ಣು ಒರೆಸಿಕೊಳ್ಳದಿದ್ದ ಮನುಷ್ಯ ಗೋಡೆಗೆ ಮುಖ ಮಾಡಿ ಕೂತರು. ಮುದ್ದೆ ಮುರಿದು ಮಗುವಿನ ಬಾಯಿಗಿಟ್ಟವನು ನಾನು. ಅದು ಗಬಗಬ ಉಂಡಿತು. ಅರ್ಧಕ್ಕೆ ನಿಲ್ಲಿಸಿ, ಪಾತ್ರೆಯ ಮೇಲೆ ತಾನೇ ಮುಚ್ಚಳ ಎಳೆದು, "ಇದು ಅಮ್ಮಂಗೆ" ಎಂದಿತು. ಎಷ್ಟು ಹೇಳಿದರೂ ಮತ್ತೆ ಬಾಯಿ ತೆರೆಯಲಿಲ್ಲ. ಕಾಂಪೌಂಡರಿಗೆ ಉಳಿದದ್ದು ಬೆಲ್ಲವೇ.

ಮರುದಿನ ಹಾಲುತುಪ್ಪಕ್ಕೆ ಊರು ಮತ್ತೆ ಸ್ಮಶಾನಕ್ಕೆ ಹೋಯಿತು. ಈ ಸಲ ಅನೇಕರ ಕೈಯಲ್ಲಿ ಬಿಸಿ ಪಾತ್ರೆಗಳಿದ್ದವು. ಅವರು ಯಾರ ಮನೆಯದಾದರೂ ಉಣ್ಣುತ್ತಾರೆಂಬ ಸುದ್ದಿ ನನ್ನ ಹೆಂಡತಿಯಿಂದ ಬೀದಿಗೆ ಹೋಗಿತ್ತು. ಆದರೆ ಕಾಂಪೌಂಡರು ಸಮಾಧಿಯ ಮಣ್ಣಿನ ಮೇಲೆ ಎಲೆ ಹಾಸಿ ಮೊದಲು ಎಡೆಯಿಟ್ಟದ್ದು, ಮಗು ಮುಚ್ಚಿಟ್ಟಿದ್ದ ಅದೇ ಅರ್ಧ ಮುದ್ದೆಯನ್ನು. ಅದು ರಾತ್ರಿಯೆಲ್ಲ ಇದ್ದು ಕಲ್ಲಾಗಿತ್ತು. ಸಾರು ಎಲೆಯ ಮೇಲೆ ಹರಿದು ಮಣ್ಣಿಗೆ ಇಳಿಯುತ್ತಿದ್ದುದನ್ನು ನೋಡುತ್ತ ನಿಂತಿದ್ದ ನನಗೆ ಬಂದ ಯೋಚನೆಯನ್ನು ಹೇಳಿದರೆ ನಗುತ್ತೀರಿ. ಉಪ್ಪು ಸ್ವಲ್ಪ ಹೆಚ್ಚಾಗಿತ್ತೇನೋ ಎಂದುಕೊಂಡೆ. ಆ ತಾಯಿ ಊರಿನವರ ಅಡಿಗೆಯನ್ನು ಕಂಡದ್ದು ಅದೇ ಮೊದಲು.