ಎಂಜಲು ವಾಕ್ಯ

ನಮ್ಮ ಇಂಗ್ಲಿಷ್ ಮೇಷ್ಟ್ರ ಬಲಗೈ ತೋರುಬೆರಳು ನಡುಗೆಣ್ಣಿನಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕು ಮುರಿದದ್ದಂತೆ. ಅವರು ಒಬ್ಬರನ್ನು ತೋರಿಸಿದರೆ ಪಕ್ಕದಲ್ಲಿದ್ದವರು ಗಾಬರಿಯಿಂದ ಎದ್ದು ನಿಲ್ಲುತ್ತಿದ್ದರು. "ಬೆರಳು ನೋಡಬ್ಯಾಡ್ರಿ, ನನ್ನ ಕಣ್ಣು ನೋಡ್ರಿ" ಎಂದು ಬೈಯುತ್ತಿದ್ದರು. ಆ ಕಣ್ಣು ನೋಡುವ ಧೈರ್ಯ ಯಾರಿಗಿತ್ತು? ಆದರೂ ವಾರ ಕಳೆಯುವುದರೊಳಗೆ, ಬೆರಳು ಎತ್ತ ತಿರುಗಿದರೂ ಕರೆ ಯಾರಿಗೆ ಎಂಬುದು ನಮಗೆಲ್ಲ ತಿಳಿದುಹೋಗುತ್ತಿತ್ತು.

ವಿದ್ಯಾನಗರದ ಅವರ ಮನೆಯ ಮಹಡಿಯ ಮೇಲೆ ಬೆಳಿಗ್ಗೆ ಆರೂವರೆಗೆ ಟ್ಯೂಷನ್. ಡಿಗ್ರಿಗೆ ಸೇರಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದವರೇ ಅಲ್ಲಿಗೆ ಬರುತ್ತಿದ್ದದ್ದು. ಅವರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಊರು, ಪೇಟೆ, ಓಣಿ, ಅದೇ ನಮ್ಮ ಹೆಸರು. ನಾನು 'ಮಂಡಿಪೇಟೆ'. ಅಲ್ಲಿ ನಮ್ಮಪ್ಪನದು ಬೆಲ್ಲ, ಮೆಣಸಿನಕಾಯಿಯ ಸಗಟು ವ್ಯಾಪಾರ. ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು 'ಕೊಕ್ಕನೂರು'. ಹರಿಹರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಮೊದಲ ಬಸ್ಸಿಗೆ ಬರುತ್ತಿದ್ದಳು. ಬರುವಾಗ ಹಲ್ಲಿನಲ್ಲಿ ಕರ್ಚೀಫು ಕಚ್ಚಿಕೊಂಡು ಜಡೆ ಹೆಣೆದುಕೊಳ್ಳುತ್ತಲೇ ಮೆಟ್ಟಿಲು ಹತ್ತುತ್ತಿದ್ದಳು.

ಮೇಷ್ಟ್ರದು ತಿಂಗಳಿಗೊಂದೇ ಶಬ್ದ. ಆ ತಿಂಗಳು ನಮ್ಮ ಪಾಲಿಗೆ ಬಂದದ್ದು 'ರನ್'. ಓಡುವುದು ಎಂದಷ್ಟೇ ತಿಳಿದು ಹೋದವರಿಗೆ ಮೊದಲ ದಿನವೇ ತಲೆ ಗಿರ್ ಎಂದಿತು. ಅಂಗಡಿ ನಡೆಸಿದರೂ ರನ್, ಮೂಗು ಸೋರಿದರೂ ರನ್, ಮನೆಯಲ್ಲಿ ಸಕ್ಕರೆ ಮುಗಿದರೂ ರನ್, ಚುನಾವಣೆಗೆ ನಿಂತರೂ ರನ್. ನಿಲ್ಲುವುದಕ್ಕೂ ಓಡುವುದಕ್ಕೂ ಒಂದೇ ಶಬ್ದವೇ ಎಂದು ಯಾರೋ ಗೊಣಗಿದಾಗ ಮೇಷ್ಟ್ರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಇಂಗ್ಲಿಷಿನೋರು ಒಂದೇ ಎತ್ತು ಕಟ್ಕಂಡು ಹೊಲಾನೂ ಉಳ್ತಾರೆ, ಗಾಡೀನೂ ಹೊಡೀತಾರೆ, ಗಾಣಾನೂ ತಿರುಗಿಸ್ತಾರೆ. ಅದರ ಮೈಮ್ಯಾಲೆ ಎಷ್ಟು ಬಾಸುಂಡೆ ಅದಾವೆ ಅಂತ ಎಣಿಸೋದೇ ನಿಮ್ಮ ಕೆಲಸ."

ದಿನವೂ ಪ್ರತಿಯೊಬ್ಬರೂ ಎದ್ದು ನಿಂತು ಆ ಶಬ್ದದ ಹೊಸದೊಂದು ಬಳಕೆಯನ್ನು ವಾಕ್ಯ ಮಾಡಿ ಹೇಳಬೇಕು. ಒಬ್ಬರು ಹೇಳಿದ ಅರ್ಥವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದರೆ "ಎಂಜಲು!" ಎಂದು ಕೂಗುತ್ತಿದ್ದರು. ಎಂಜಲಾಗಲಿ, ಬಾಯಿ ಕಟ್ಟಲಿ, ಒಟ್ಟು ಮೂರು ಸಲವಾದರೆ ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಗೀಟು. ಆಮೇಲೆ ಕಾಲು ಹಿಡಿದರೂ ಒಳಗೆ ಸೇರಿಸುತ್ತಿರಲಿಲ್ಲ. ಒಮ್ಮೆ ಹುಡುಗನೊಬ್ಬನ ತಂದೆ ಬಂದು ಕೈಮುಗಿದರು. "ನಿಮ್ಮ ಮಗನ ತಲ್ಯಾಗೆ ಏನೂ ಇಲ್ರಿ. ಇಷ್ಟು ದಿನ ಮನ್ಯಾಗೆ ಇಟ್ಕಂಡು ನಿಮಗೆ ಗೊತ್ತಾಗ್ಲಿಲ್ವಾ?" ಎಂದು ನಮ್ಮೆಲ್ಲರ ಎದುರಿಗೇ ಕೇಳಿ ಕಳಿಸಿದರು. ಆ ಹುಡುಗ ಅಪ್ಪನ ಮುಖ ನೋಡಲಾರದೆ ಗೋಡೆ ನೋಡುತ್ತಿದ್ದ. ನಾವು ನಕ್ಕೆವು.

ನ್ಯಾಯಕ್ಕೆ ಒಂದು ಮಾತು ಹೇಳಬೇಕು. ಮೇಷ್ಟ್ರು ತಾವೇ ಒಮ್ಮೆ ಮರೆತು, ಹಿಂದಿನ ವಾರ ಆಗಿಹೋದ ಅರ್ಥವನ್ನೇ ಹೇಳಿಬಿಟ್ಟರು. ನಮ್ಮಲ್ಲಿ ಯಾರಿಗೂ ಉಸಿರೆತ್ತುವ ಧೈರ್ಯವಿರಲಿಲ್ಲ. ಅವರೇ "ಎಂಜಲು" ಎಂದುಕೊಂಡು ತರಗತಿ ಮುಗಿಯುವವರೆಗೆ ಮೂಲೆಯಲ್ಲಿ ನಿಂತೇ ಪಾಠ ಮಾಡಿದರು. ಕೊನೆಯವರೆಗೆ ಉಳಿದವರು ಇಂಗ್ಲಿಷಿನಲ್ಲಿ ಪಾಸಾಗದೆ ಇದ್ದದ್ದಿಲ್ಲ. ಅದಕ್ಕೇ ಎಲ್ಲರೂ ಅಷ್ಟು ಬೈಸಿಕೊಂಡೂ ಹೋಗುತ್ತಿದ್ದದ್ದು.

ತಿಂಗಳ ಕೊನೆಗೆ ಸುಲಭದ ಅರ್ಥಗಳೆಲ್ಲ ಖರ್ಚಾಗಿದ್ದವು. ನನಗೂ ಕೊಕ್ಕನೂರಿನವಳಿಗೂ ಎರಡೆರಡು ತಪ್ಪಾಗಿದ್ದವು. ನನ್ನ ಹೆಸರು ಹೋದರೆ ಮನೆಯಲ್ಲಿ ಅಣ್ಣಂದಿರು ನಾಲ್ಕು ದಿನ ಆಡಿಕೊಂಡು ನಗುತ್ತಿದ್ದರು, ಅಷ್ಟೆ. ಅವಳ ಕಥೆ ಬೇರೆ. ಈ ಸಲ ಇಂಗ್ಲಿಷ್ ಪಾಸಾಗದಿದ್ದರೆ ಓದು ಬಿಡಿಸಿ ಮಾವನ ಮಗನಿಗೆ ಕೊಡುವುದೆಂದು ಹಿರಿಯರು ಮಾತಾಡಿ ಮುಗಿಸಿದ್ದರು. ಅವಳಿಗೆ ಶಾಲೆಯ ಟೀಚರ್ ಆಗುವ ಆಸೆ. ಇದನ್ನೆಲ್ಲ ಅವಳೇ ನನಗೆ ಹೇಳಿದ್ದಳು, ಬೇರೆ ಯಾರಿಗೂ ಹೇಳಬೇಡವೆಂದು ಆಣೆಯನ್ನೂ ಹಾಕಿಸಿಕೊಂಡಿದ್ದಳು.

ಆ ದಿನ ಮೆಟ್ಟಿಲ ಬಳಿ ಅವಳ ಮುಖ ಅರಳಿತ್ತು. "ಒಂದು ಸಿಕ್ಕೈತೆ ಕಣೇ. ಯಾರೂ ಹೇಳಿಲ್ಲ" ಎಂದಳು. ಹಿಂದಿನ ವಾರ ಊರಿಗೆ ಹೋದಾಗ ಅವ್ವನ ಹೊಸ ಕೆಂಪು ಸೀರೆ ಒಗೆಯಲು ನೆನೆಹಾಕಿದ್ದಳಂತೆ. ಅದು ಬಣ್ಣ ಬಿಟ್ಟು, ಜೊತೆಗಿದ್ದ ಇವಳ ಬಿಳಿ ದುಪಟ್ಟಾ ಪೂರ್ತಿ ಕೆಂಪಾಯಿತಂತೆ. ಬಟ್ಟೆ ಬಣ್ಣ ಬಿಡುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿದರೆ ಅಲ್ಲೂ ರನ್! "ಸ್ಪೆಲಿಂಗ್ ಸರಿ ಐತಾ ನೋಡೇ" ಎಂದು ನೋಟ್‌ಬುಕ್ಕು ನನ್ನ ಕೈಗೆ ಕೊಟ್ಟಳು. ಸರಿಯಾಗಿತ್ತು.

ಒಳಗೆ ಹೋಗಿ ಕೂತು ಸ್ವಲ್ಪ ಹೊತ್ತಿಗೆ ಮೇಷ್ಟ್ರು ಬೆರಳೆತ್ತಿದರು. ಅವರು ನೋಡುತ್ತಿದ್ದದ್ದು ಅವಳನ್ನು. ನನಗದು ಚೆನ್ನಾಗಿ ಗೊತ್ತಿತ್ತು. ಬೆರಳು ಮಾತ್ರ ನನ್ನ ಕಡೆಗಿತ್ತು. ನಾನು ಎದ್ದು ನಿಂತು ಆ ವಾಕ್ಯ ಹೇಳಿಬಿಟ್ಟೆ.

"ಭೇಷ್ ಮಂಡಿಪೇಟೆ!" ಎಂದರು. ಆ ಇಡೀ ತಿಂಗಳಲ್ಲಿ ಅವರ ಬಾಯಿಂದ ಭೇಷ್ ಬಂದದ್ದು ಅದೊಂದೇ ಸಲ. "ಈಗ ಕೊಕ್ಕನೂರು."

ಅವಳು ಎದ್ದಳು. ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ನಾನೀಗ ಏನೋ ಹೇಳುತ್ತೇನೆ ಎಂದು ಕಾಯುತ್ತಿದ್ದಂತಿತ್ತು. ಮೇಷ್ಟ್ರೂ ಕಾದರು, ಬಹಳ ಹೊತ್ತು ಕಾದರು. ಕೊನೆಗೆ "ಮೂರಾತು, ನಡಿ" ಎಂದು ಹಾಜರಿ ಪುಸ್ತಕ ತೆರೆದರು. ಅವಳ ನೋಟ್‌ಬುಕ್ಕು ಇನ್ನೂ ನನ್ನ ಮುಂದೆ ಚಾಪೆಯ ಮೇಲೇ ಇತ್ತು. ಬಗ್ಗಿ ಅದನ್ನೆತ್ತಿಕೊಂಡು ಹೋದಳು.

ಪರೀಕ್ಷೆಯಲ್ಲಿ ನಾನು ಪಾಸಾದೆ, ಅವಳು ಆಗಲಿಲ್ಲ. ಮದುವೆಯ ಕಾರ್ಡು ಮನೆಗೆ ಬಂತು. ನಾನು ಹೋಗಲಿಲ್ಲ. ಎಂ.ಎ. ಮುಗಿಸಿ ಹರಿಹರದ ಕಾಲೇಜೊಂದರಲ್ಲಿ ಇಂಗ್ಲಿಷ್ ಲೆಕ್ಚರರ್ ಆದೆ. ನನ್ನ ಅನ್ನದ ಪ್ರತಿ ಅಗುಳೂ ಆ ಮಹಡಿಯಲ್ಲಿ ಕಲಿತದ್ದರದ್ದೇ.

ಕಳೆದ ವರ್ಷ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಗುರುತು ಹಿಡಿದು ಹತ್ತಿರ ಬಂದಳು. "ಆರಾಮದೀರಾ?" ಎಂದಳು. ಪಕ್ಕದಲ್ಲಿದ್ದ ಮಗಳಿಗೆ, "ಇವ್ರು ನನ್ನ ಜೋಡಿ ಓದ್ತಿದ್ರು. ಭಾಳ ಶ್ಯಾಣೇರು" ಎಂದು ಪರಿಚಯಿಸಿದಳು. ಕಣೇ ಎನ್ನುತ್ತಿದ್ದವಳು ಬಹುವಚನಕ್ಕೆ ಹೊರಳಿದ್ದಳು. ಆ 'ಇವ್ರು' ನನಗೆ ಕಪಾಳಕ್ಕೆ ಹೊಡೆದಂತಾಯಿತು. ಮರುದಿನವೇ ಮೇಷ್ಟ್ರ ಮನೆಗೆ ಹೋದೆ.

ಅವರು ಹಾಸಿಗೆ ಹಿಡಿದಿದ್ದರು. ಮೈಯಲ್ಲಿ ಏನೂ ಉಳಿದಿರಲಿಲ್ಲ, ನಾಲಿಗೆ ಮಾತ್ರ ಹಾಗೇ ಇತ್ತು. ನಾನು ಅಂದು ಮಾಡಿದ್ದನ್ನೆಲ್ಲ ಹೇಳಿ ತಲೆತಗ್ಗಿಸಿ ಕೂತೆ.

"ಗೊತ್ತಿತ್ತು ಬಿಡು" ಎಂದರು. "ಅದು ನಿನ್ನ ವಾಕ್ಯ ಆಗೋಕೆ ಹೆಂಗೆ ಸಾಧ್ಯ? ನಿಮ್ಮ ಮನ್ಯಾಗೆ ಬಟ್ಟೆ ಒಗೆಯೋದು ಕೆಲಸದೋಳು."

"ಮತ್ತೆ ಅವಳ ಹೆಸರು ಯಾಕೆ ಹೊಡೆದು ಹಾಕಿದ್ರಿ ಸರ್?"

"ಇದು ನಂದು ಅಂತ ಅವಳು ಒಂದು ಮಾತು ಅಂದಿದ್ರೆ ವಾಪಸ್ ಕೂಡಿಸ್ತಿದ್ದೆ. ಇದು ಅವಳದು ಅಂತ ನೀ ಅಂದಿದ್ರೂ ಕೂಡಿಸ್ತಿದ್ದೆ. ಕಾದೆನಲ್ಲ, ಇಬ್ರೂ ಬಾಯಿ ಬಿಡ್ಲಿಲ್ಲ." ತಲೆಯನ್ನು ನನ್ನ ಕಡೆ ಹೊರಳಿಸಿದರು. "ಅವಳಿಗೆ ಹೆದರಿಕೆ. ನಿನಗೆ ಏನಿತ್ತು?"

ನನಗೆ ಅವರ ಮೇಲೆ ಸಿಟ್ಟು ಬಂತು. ಎಲ್ಲ ತಿಳಿದೂ ಒಂದು ಹುಡುಗಿಯ ಬದುಕನ್ನು ನಿಯಮಕ್ಕೆ ಕೊಟ್ಟ ಮನುಷ್ಯ ಇವರು ಎನ್ನಿಸಿತು. ಬೈಯಬೇಕೆಂದು ಬಾಯಿ ತೆರೆದವಳು, ನೀರು ಬೇಕಾ ಸರ್ ಎಂದು ಕೇಳಿ ಎದ್ದುಬಂದೆ. ತಿಂಗಳೊಳಗೆ ತೀರಿಕೊಂಡರು.

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶ್ರದ್ಧಾಂಜಲಿ ಸಭೆ ಮಾಡಿದರು. ನನ್ನನ್ನು ವೇದಿಕೆಯ ಮೇಲೆ ಕೂರಿಸಿದ್ದರು. ನಮ್ಮ ಬ್ಯಾಚಿನವನೊಬ್ಬ, ಈಗ ಬ್ಯಾಂಕಿನಲ್ಲಿ ಮ್ಯಾನೇಜರು, ಮೈಕಿನ ಮುಂದೆ ನಿಂತು ಹೇಳಿದ: "ನಮ್ಮ ಸರ್ ಯಾರಿಗೂ ಭೇಷ್ ಅಂದೋರಲ್ರಿ. ಅನ್ನಿಸ್ಕಂಡೋರು ಈ ಮೇಡಂ ಒಬ್ಬರೇ. ಸೀರೆ ಬಣ್ಣ ಬಿಟ್ಟಿದ್ದರ ಮ್ಯಾಲೆ ಇವ್ರು ಹೇಳಿದ ವಾಕ್ಯ ನಂಗೆ ಇವತ್ತಿಗೂ ಬಾಯಿಪಾಠ ಐತಿ." ಅದನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳಿಯೂ ತೋರಿಸಿದ. ಜನ ನನ್ನ ಕಡೆ ತಿರುಗಿ ಚಪ್ಪಾಳೆ ಹೊಡೆದರು. ಮೈಕು ನನ್ನ ಮುಂದೆ ಬಂತು. ಅದು ನನ್ನ ವಾಕ್ಯವಲ್ಲ ಎನ್ನುವುದಕ್ಕೆ ಒಂದು ನಿಮಿಷವೂ ಬೇಕಿರಲಿಲ್ಲ.

ನಾನು ಎಲ್ಲರಿಗೂ ಕೈಮುಗಿದು, ಗುರುಗಳ ಋಣ ದೊಡ್ಡದು ಎಂದು ಹೇಳಿ ಕೂತುಕೊಂಡೆ.