ಡಬ್ಬಿ ಅಕ್ಕ ಮತ್ತು ಮುಚ್ಚದ ಕಿಟಕಿ

ಬೀದಿಯವರು ಅವಳಿಗಿಟ್ಟ ಹೆಸರು ಡಬ್ಬಿ ಅಕ್ಕ. ಶಾಲೆಯ ಪ್ರಯೋಗಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ ಆರೋಗ್ಯ ಕಚೇರಿಯ ಪರವಾಗಿ, ಒಳಗಿನ ಗಾಳಿ ಪರೀಕ್ಷಿಸಲು ಮನೆಮನೆಗೂ ಅಂಗೈಯಗಲದ ಇದ್ದಿಲಿನ ಡಬ್ಬಿ ಹಂಚುತ್ತಿದ್ದಳು. ನೆಲದ ಬಿರುಕಿನಿಂದ ರೇಡಾನ್ ಅನ್ನುವ ಅನಿಲ ಒಳಗೆ ಬರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು ಎಂದು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಬಾಗಿಲು ಮುಚ್ಚಿರುತ್ತಿತ್ತು. ಒಬ್ಬಾಕೆಯಂತೂ, ಕಣ್ಣಿಗೆ ಕಾಣದ್ದನ್ನೂ ಮಾರೋಕೆ ಬಂದ್ಯಲ್ಲ, ನಿನ್ನ ಬಾಯಿ ಜೋರಿದೆ ಬಿಡು ಎಂದು ನಕ್ಕಿದ್ದಳು. ದಿನವಿಡೀ ಗಂಟಲು ಹರಿದುಕೊಂಡರೂ ಯಾರೊಂದಿಗೂ ನಾಲ್ಕು ಮಾತಾಡದೆ ಅವಳು ಮನೆಗೆ ಮರಳುತ್ತಿದ್ದಳು. ಅಲ್ಲಿ "ಬಂದ್ಯಾ" ಎನ್ನುವವರೂ ಇರಲಿಲ್ಲ.

ಬಾಗಿಲನ್ನು ಪೂರ್ತಿ ತೆರೆದವನು ಗಡಿಯಾರ ರಿಪೇರಿಯ ಅಜ್ಜನೊಬ್ಬನೇ. ಬೀದಿಗಿಂತ ನಾಲ್ಕು ಮೆಟ್ಟಿಲು ಕೆಳಗಿನ ಕೋಣೆ. ಕೆಲಸ, ಊಟ, ನಿದ್ದೆ ಎಲ್ಲ ಅಲ್ಲೇ. ನೆಲದ ತುಂಬ ಬಿರುಕು. ಡಬ್ಬಿ ಇಟ್ಟು, ಹೊರಗಿನ ಗಾಳಿ ಬಂದರೆ ಅಳತೆ ತಪ್ಪುತ್ತದೆ, ಮೂರು ದಿನ ಕಿಟಕಿ ತೆಗೆಯಬೇಡಿ ಎಂದು ಒತ್ತಿ ಹೇಳಿ ಬಂದಳು. ಫಲಿತಾಂಶದಲ್ಲಿ ಅನಿಲ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂಥ ನೆಲದಲ್ಲಿ ಅದು ಹೇಗಾದೀತೆಂದು ಮತ್ತೊಂದು ಡಬ್ಬಿ ಇಟ್ಟಳು. ಆಗಲೂ ಅಷ್ಟೇ. ಅವಳಿಗೆ ಅನುಮಾನ ಕೊರೆಯತೊಡಗಿತು. ನಂಬಿ ಸುಮ್ಮನಾದರೆ ಅಜ್ಜ ಅದೇ ಗಾಳಿಯಲ್ಲಿ ಮಲಗುತ್ತಾನೆ. ಹೋಗಿ, ಕಿಟಕಿ ತೆಗೆದಿದ್ರಾ ಎಂದು ನೇರವಾಗಿ ಕೇಳಿಯೇಬಿಟ್ಟಳು.

ಅಜ್ಜ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯಲಿಲ್ಲ.

"ಮೊದಲ್ನೇ ಸಲ, ಡಬ್ಬಿ ತಗೊಂಡು ಹೋಗೋಕೆ ಮನೆಗೆ ಜನ ಬರ್ತಾರಲ್ಲ, ಮುಗ್ಗಲು ವಾಸನೆ ಹೋಗ್ಲಿ ಅಂತ ಕಿಟಕಿ ತೆಗೆದಿಟ್ಟೆ ತಾಯಿ. ಎರಡ್ನೇ ಸಲ ಬೇಕಂತ್ಲೇ ತೆಗ್ದೆ. ಲೆಕ್ಕ ಸರಿ ಬರ್ಲಿಲ್ಲ ಅಂದ್ರೆ ನೀನು ಮತ್ತೆ ಬರ್ತೀಯಲ್ಲ."

ನಾಲಿಗೆಯ ತುದಿಗೆ ಬಂದಿದ್ದ ಬೈಗುಳವನ್ನು ಅವಳು ನುಂಗಿಕೊಂಡಳು. ಸ್ಟೂಲು ಎಳೆದು ಕೂತಳು.

"ಕಿಟಕಿ ಮುಚ್ಚಿದ್ರೂ ಬರ್ತೀನಿ ಅಜ್ಜ. ಇನ್ನೊಂದು ಡಬ್ಬಿ ಇಡ್ತೀನಿ, ಬಾಗಿಲೂ ತೆಗೀಬೇಡಿ, ಈ ಮೂರು ದಿನ ಮಾತ್ರ ಹೊರಗೇ ಇರ್ತೀನಿ."

ಹಾಗೇ ಮಾಡಿದಳು. ಮೂರು ಸಂಜೆಯೂ ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಿಟಕಿಯ ಗಾಜಿನಾಚೆ ಇದ್ದವನೊಂದಿಗೆ ಕೈಸನ್ನೆಯಲ್ಲಿ ಹರಟಿದಳು. ಹೋಗಿಬರುವವರು, ಇವಳಿಗೆ ತಲೆ ಕೆಟ್ಟಿತು ಅಂದುಕೊಂಡರು.

ಈ ಸಲ ಸುರಕ್ಷಿತ ಮಿತಿಯ ಐದು ಪಟ್ಟು ಬಂತು. ನಲವತ್ತು ವರ್ಷ ಇಲ್ಲೇ ಮಲಗಿದ್ದೀನಿ ಎಂದ ಅಜ್ಜ. ಹಾಸಿಗೆಯ ಒಂದು ತುದಿ ಅವಳು, ಇನ್ನೊಂದು ಅಜ್ಜ ಹಿಡಿದು ಅದನ್ನು ಮೇಲೆ ಖಾಲಿ ಬಿದ್ದಿದ್ದ ಕೋಣೆಗೆ ಹತ್ತಿಸಿದರು. ವಾರದೊಳಗೆ ಗಾರೆಯವನು ಬಂದು ಬಿರುಕು ಮುಚ್ಚಿ, ನೆಲದಡಿಯ ಗಾಳಿಯನ್ನು ಹೊರಗೆಳೆಯುವ ಪೈಪು, ಫ್ಯಾನು ಕೂರಿಸಿದ.

ಅಲ್ಲಿಗೆ ಆ ಮನೆಯ ಕೆಲಸ ಮುಗಿಯಿತು. ಮರುದಿನ ಸಂಜೆ ಡಬ್ಬಿಯಿಲ್ಲದೆ ಬರಿಗೈಯಲ್ಲಿ ಬಾಗಿಲ ಮುಂದೆ ನಿಂತಾಗ, ಏನೆಂದು ಹೇಳಿಕೊಂಡು ಒಳಗೆ ಹೋಗುವುದೋ ಅವಳಿಗೆ ತಿಳಿಯಲಿಲ್ಲ. ಆದರೂ ಬಾಗಿಲು ತಟ್ಟಿದಳು.